ಒಂದೇ ಸೀಟಿನ ದೋಣಿ, ಎರಡು ಸೀಮೆಯ ನೀರು

ಪುಣೆಯ ಸಂಗಮ ಸೇತುವೆಯ ಹತ್ತಿರ ಮುಳಾ, ಮುಠಾ ಕೂಡುತ್ತವೆ. ಅಲ್ಲೇ ದಂಡೆಯ ಮೇಲೆ ಇಂಜಿನಿಯರಿಂಗ್ ಕಾಲೇಜಿನ ಬೋಟ್ ಕ್ಲಬ್ಬು. ಅಲ್ಲಿ ಹುಟ್ಟಿಗೆ ತಾಗಿದ ನೀರು ಮುಂದೆ ಭೀಮೆಗೆ ಬಿದ್ದು, ಉಜನಿ ಜಲಾಶಯ ದಾಟಿ, ನಮ್ಮ ವಿಜಯಪುರ, ಕಲಬುರಗಿ ಕಡೆಗೆ ಇಳಿಯುತ್ತದೆ. ನೀರು ಅದೇ, ರೂಢಿ ಬೇರೆ. ಪುಣೆಯವರಿಗೆ ಹೊಳೆ ಅಂದರೆ ರೆಗಾಟಾ ಎಂಬ ದೋಣಿ ಹಬ್ಬ. ನಮ್ಮ ಕಡೆ ಹೊಳೆ ಅಂದರೆ ದಾಟುವುದು, ಹರಿಗೋಲು, ಈಚೀಚೆಗೆ ಗಂಟೆ ಲೆಕ್ಕದ ಪೆಡಲ್ ಬೋಟು. ಮರಾಠಿ ಪತ್ರಿಕೆಗಳು ‘ನೌಕಾನಯನ’ ಎಂದು ಬರೆಯುತ್ತವೆ. ಹುಟ್ಟು ಹಾಕುವುದು ಅನ್ನುವ ಚಂದದ ಮಾತು ಬಾಯಲ್ಲೇ ಇದ್ದರೂ ನಾವು ರೋಯಿಂಗ್ ಎಂದು ಬರೆದು ಮುಂದೆ ಹೋಗುತ್ತೇವೆ. ಇರಲಿ, ನಾನೂ ಅದನ್ನೇ ಬರೆಯುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಎರಡೂ ಸೀಮೆಯವರು ಒಂದೇ. ಹೆಣ್ಣುಮಗಳನ್ನು ಒಂಟಿ ದೋಣಿಯಲ್ಲಿ, ಅಂದರೆ ಒಬ್ಬಳೇ ಎರಡು ಹುಟ್ಟು ಹಿಡಿದು ನಡೆಸುವ ಸಿಂಗಲ್ ಸ್ಕಲ್ಲಿನಲ್ಲಿ ಕೂರಿಸಿ, ವರ್ಷಗಟ್ಟಲೆ ಅದರಲ್ಲೇ ಬಿಡುವ ತಾಳ್ಮೆ ಇಬ್ಬರಿಗೂ ಇಲ್ಲ. 2000ದ ಸಿಡ್ನಿಯಿಂದ 2024ರ ಪ್ಯಾರಿಸ್‌ವರೆಗೆ ಪ್ರತಿ ಒಲಿಂಪಿಕ್ಸ್‌ನಲ್ಲೂ ರೋಯಿಂಗಿಗೆ ಭಾರತದ ಗಂಡಸರ ದೋಣಿ ಒಂದಾದರೂ ನೀರಿಗಿಳಿದಿದೆ. ಹೆಂಗಸರದು ಇದುವರೆಗೆ ಒಂದೂ ಇಳಿದಿಲ್ಲ.

ಹೆಂಗಸರ ಒಂಟಿ ದೋಣಿಯ ಸ್ಪರ್ಧೆ ಏನು ಕೇಳುತ್ತದೆ ಅನ್ನುವುದಕ್ಕೆ ಪ್ಯಾರಿಸ್ಸಿನ ಫೈನಲ್ ನೋಡಬಹುದು. 2024ರ ಆಗಸ್ಟ್ 3ರಂದು ನೆದರ್ಲೆಂಡ್ಸ್‌ನ ಕರೋಲಿನ್ ಫ್ಲೋರೈನ್ 2000 ಮೀಟರನ್ನು 7 ನಿಮಿಷ 17.28 ಸೆಕೆಂಡಿನಲ್ಲಿ ಮುಗಿಸಿದಳು. ನ್ಯೂಜಿಲೆಂಡಿನ ಎಮಾ ಟ್ವಿಗ್ 7:19.14. ಲಿಥುವೇನಿಯಾದ ವಿಕ್ಟೋರಿಯಾ ಸೆಂಕುಟೆ ಮೂರನೆಯವಳು. ಫ್ಲೋರೈನ್‌ಳ ಸರಾಸರಿ ಪ್ರತಿ 500 ಮೀಟರಿಗೆ 1 ನಿಮಿಷ 49.3 ಸೆಕೆಂಡು. ನಿಮಿಷಕ್ಕೆ 34 ಹುಟ್ಟಿನ ಲೆಕ್ಕ ಹಿಡಿದರೆ ಒಟ್ಟು 248 ಹುಟ್ಟು, ಒಂದೊಂದಕ್ಕೆ ಎಂಟು ಮೀಟರ್ ಓಟ. ಮೊದಲಿಬ್ಬರ ನಡುವಿನ 1.86 ಸೆಕೆಂಡನ್ನು ನೀರಿನ ಮೇಲೆ ಅಳೆದರೆ ಸುಮಾರು ಎಂಟೂವರೆ ಮೀಟರ್, ಅಂದರೆ ಒಂದು ದೋಣಿಯುದ್ದ. 248 ಹುಟ್ಟಿಗೆ ಹಂಚಿದರೆ ಒಂದೊಂದರಲ್ಲಿ ಮೂರೂವರೆ ಸೆಂಟಿಮೀಟರ್ ಕಳೆದುಕೊಂಡರೆ ಚಿನ್ನ ಬೆಳ್ಳಿಯಾಗುತ್ತದೆ. ದೋಣಿಯ ಮೂತಿಗೆ ಸಿಕ್ಕಿಸುವ ಬಿಳಿ ರಬ್ಬರ್ ಚೆಂಡಿನ ಅಡ್ಡಳತೆಯೇ 4 ಸೆಂಟಿಮೀಟರ್! 2000ದ ಸಿಡ್ನಿಯಲ್ಲಿ ಬೆಲಾರೂಸಿನ ಎಕತೆರೀನಾ ಕಾರ್ಸ್ಟನ್ ಮತ್ತು ಬಲ್ಗೇರಿಯಾದ ರುಮ್ಯಾನಾ ನೇಯ್ಕೋವಾ ನಡುವೆ ಗೆದ್ದವರು ಯಾರು ಅನ್ನುವುದನ್ನು ಫೋಟೊ ನೋಡಿ ತೀರ್ಮಾನಿಸಬೇಕಾಯಿತು. ಚಿನ್ನ ಕಾರ್ಸ್ಟನ್‌ಗೆ ಹೋಯಿತು.

ಟಿವಿಯಲ್ಲಿ ನೋಡುವವರು ಇದನ್ನು ತೋಳಿನ ಆಟ ಅಂದುಕೊಳ್ಳುತ್ತಾರೆ. ತೋಳು ಕೊನೆಗೆ ಬರುವುದು. ಸೀಟು ಗಾಲಿಯ ಮೇಲಿದೆ, ಹಳಿಯ ಮೇಲೆ ಹಿಂದೆ ಮುಂದೆ ಉರುಳುತ್ತದೆ. ಬ್ಲೇಡು, ಅಂದರೆ ಹುಟ್ಟಿನ ಅಗಲ ತುದಿ, ನೀರಿಗೆ ಬಿದ್ದ ಕೂಡಲೇ ಕಾಲು ಒದೆಯಬೇಕು, ಆಮೇಲೆ ಸೊಂಟ ತೆರೆಯಬೇಕು, ತೀರ ಕೊನೆಗೆ ಮೊಣಕೈ ಮಡಚಬೇಕು. ವಾಪಸ್ ಹೋಗುವಾಗ ಇದರ ತಿರುಗುಮುರುಗು: ಕೈ, ಸೊಂಟ, ಆಮೇಲೆ ಮಂಡಿ. ಕಷ್ಟ ಇರುವುದು ಈ ವಾಪಸ್ ಪಯಣದಲ್ಲಿ. ದೋಣಿಯ ಕನಿಷ್ಠ ತೂಕ 14 ಕಿಲೊ, ಕೂತವಳು ಅದರ ಐದು ಪಟ್ಟು. ಅವಳು ಅವಸರದಲ್ಲಿ ಸೀಟನ್ನು ಉರುಳಿಸಿಕೊಂಡು ಬಂದು ಗಕ್ಕನೆ ನಿಂತರೆ ಆ ಧಕ್ಕೆಯೆಲ್ಲ ದೋಣಿಗೆ ಬಿದ್ದು, ಓಡುವ ದೋಣಿ ಮುಗ್ಗರಿಸಿದ ಹಾಗಾಗುತ್ತದೆ. ಎಂಟು ಜನರ ದೋಣಿಯಲ್ಲಿ ಒಬ್ಬರ ಅವಸರ ಉಳಿದವರಲ್ಲಿ ಮುಚ್ಚಿಹೋಗುತ್ತದೆ. ಒಂಟಿ ದೋಣಿಯಲ್ಲಿ ಮುಚ್ಚಿಡುವುದಕ್ಕೆ ಜಾಗವಿಲ್ಲ. ಕಲಿಯುವವರನ್ನು ಮೊದಲು ಇದರಲ್ಲೇ ಕೂರಿಸಬೇಕು ಅನ್ನುವ ನನ್ನ ಹಟಕ್ಕೆ ಇದೇ ಕಾರಣ.

ದೋಣಿಯನ್ನು ಅವಳ ಮೈಗೆ ಹೊಂದಿಸುವ ಕೆಲಸವನ್ನೂ ಇಲ್ಲಿ ಹೇಳಬೇಕು, ಎರಡೂ ಕಡೆ ಇದಕ್ಕೇ ಉದಾಸೀನ ಹೆಚ್ಚು. ಹುಟ್ಟು ತಿರುಗುವ ಎರಡು ಪಿನ್ನುಗಳ ನಡುವಿನ ಅಂತರ ಸಾಮಾನ್ಯವಾಗಿ 158ರಿಂದ 160 ಸೆಂಟಿಮೀಟರ್. ಹುಟ್ಟಿನ ಉದ್ದ 285ರಿಂದ 288, ಅದರಲ್ಲಿ ಪಿನ್ನಿನಿಂದ ಹಿಡಿಯ ತುದಿವರೆಗಿನ ಒಳಭಾಗ 88ರ ಆಸುಪಾಸು. ಒಳಭಾಗ ಎರಡೂ ಸೇರಿ ಅಂತರಕ್ಕಿಂತ ಹೆಚ್ಚಾಗುವುದರಿಂದ ನಡುವೆ ಹಿಡಿಗಳು ಒಂದರ ಮೇಲೊಂದು ಹಾಯುತ್ತವೆ. ರೂಢಿಯಂತೆ ಎಡಗೈ ಮೇಲೆ. ಹಾಗಾಗಿ ಅವಳ ಎಡಗೈ ಕಡೆಯ ಗೇಟು, ಅಂದರೆ ಹುಟ್ಟು ಕೂರುವ ಕೊಂಡಿ, ಬಲಗಡೆಯದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರಬೇಕು. ಈ ಒಂದು ಸೆಂಟಿಮೀಟರ್ ತಪ್ಪಿದರೆ ಹುಡುಗಿಯ ಗೆಣ್ಣು ಸುಲಿಯುತ್ತದೆ, ದೋಣಿ ಸದಾ ಒಂದು ಮಗ್ಗುಲಿಗೆ ವಾಲುತ್ತದೆ. ಪಕ್ಕದಲ್ಲಿ ನಿಂತವರು ‘ಬ್ಯಾಲೆನ್ಸ್ ಇಲ್ಲ ನಿನಗೆ’ ಅನ್ನುತ್ತಾರೆ. ಬ್ಯಾಲೆನ್ಸ್ ಇಲ್ಲದ್ದು ನಟ್ಟಿಗೆ. ಆರಡಿ ಗಂಡಸಿಗೆ ಹೊಂದಿಸಿದ ದೋಣಿಯಲ್ಲಿ ಐದಡಿ ನಾಲ್ಕಂಗುಲದವಳನ್ನು ಕೂರಿಸಿ, ಪಾದದ ಹಲಗೆಯನ್ನೂ ಸರಿಸದೆ ಬಿಟ್ಟರೆ ಹುಟ್ಟು ನೀರು ಹಿಡಿಯುವ ಕೋನವೇ ಬರುವುದಿಲ್ಲ. 10 ಎಂಎಂ ಪಾನಾ ಹಿಡಿದು ಹತ್ತು ನಿಮಿಷ ಕೂತರೆ ಆಗುವ ಕೆಲಸ ಇದು.

ಶೂ ದೋಣಿಗೇ ಬಿಗಿದಿರುತ್ತದೆ. ಮಗುಚಿದರೆ ಕಾಲು ತಾನಾಗಿ ಕಳಚಿಕೊಳ್ಳಲೆಂದು ಹಿಮ್ಮಡಿಗೆ ದಾರ ಕಟ್ಟಿರಬೇಕು, ಹಿಮ್ಮಡಿ ಒಂದು ಮಿತಿಗಿಂತ ಮೇಲೇಳಬಾರದು ಎಂದು ನಿಯಮವೇ ಇದೆ. ಹಳೇ ದೋಣಿಗಳಲ್ಲಿ ಮೊದಲು ಹರಿಯುವುದು ಈ ದಾರವೇ, ಕಡೆಗೆ ಕಟ್ಟುವುದೂ ಇದನ್ನೇ. ಮಗುಚಿದವಳು ದೋಣಿ ಬಿಟ್ಟು ಈಜಬಾರದು. ಎರಡೂ ಹಿಡಿ ಒಂದೇ ಕೈಯಲ್ಲಿ ಕೂಡಿಸಿ ಹಿಡಿದು, ದೋಣಿ ನೆಟ್ಟಗೆ ಮಾಡಿ, ಹೊಟ್ಟೆ ಊರಿ ಮೇಲೆ ಹತ್ತಿ ಕೂರಬೇಕು. ಶುಚಿಯಾದ ನೀರಿನಲ್ಲಿ ಇದನ್ನು ಹತ್ತು ಸಲ ಮಾಡಿಸಿದರೆ ಹೆದರಿಕೆ ಹೋಗುತ್ತದೆ. ಮುಳಾ-ಮುಠಾದ ಕೊಚ್ಚೆಯಲ್ಲಿ ಯಾವ ತಾಯಿ ಮಗಳನ್ನು ಬೇಕೆಂದೇ ಮಗುಚಲು ಬಿಟ್ಟಾಳು?

ಪುಣೆಯ ನೀರಿನ ಇನ್ನೊಂದು ಪೀಡೆ ಜಲಪರ್ಣಿ, ನಮ್ಮ ಕಡೆ ಕೆರೆಗಳನ್ನು ನುಂಗುವ ಅದೇ ನೇರಳೆ ಹೂವಿನ ಕಳೆ. ದೋಣಿಯ ಅಡಿಯಲ್ಲಿ ಹಿಂಭಾಗಕ್ಕೆ ಅಂಗೈಯಗಲದ ಒಂದು ರೆಕ್ಕೆ ಇರುತ್ತದೆ, ದೋಣಿ ನೇರ ಹೋಗುವುದು ಅದರ ದೆಸೆಯಿಂದ. ಒಂದು ಬೇರಿನ ಗೊಂಚಲು ಅದಕ್ಕೆ ಸಿಕ್ಕಿದರೆ ಸಾಕು, ಒಮ್ಮೆಲೇ ದೋಣಿ ಭಾರ. ಅನುಭವ ಇಲ್ಲದವಳು ಸುಸ್ತಾಯಿತೆಂದುಕೊಂಡು ಇನ್ನೂ ಜೋರಾಗಿ ಎಳೆಯುತ್ತಾಳೆ. ಬಲ್ಲವಳು ನಿಂತು, ಎರಡು ಹುಟ್ಟು ಹಿಂದಕ್ಕೆ ಹಾಕಿ ಕಳೆಯನ್ನು ಕಳಚಿ ಮತ್ತೆ ಹೊರಡುತ್ತಾಳೆ. ಅದೇ ರೀತಿ ‘ಏಡಿ ಹಿಡಿಯುವುದು’ ಎಂದು ಕರೆಯುವ ಅವಘಡ: ಬ್ಲೇಡು ಪೂರ್ತಿ ನೆಟ್ಟಗಾಗುವ ಮುಂಚೆ ನೀರಿಗೆ ಹೊಕ್ಕರೆ ಅದು ಆಳಕ್ಕೆ ಎಳೆದುಕೊಂಡು ಹೋಗುತ್ತದೆ, ಹಿಡಿ ಹೊಟ್ಟೆಗೆ ಬಡಿಯುತ್ತದೆ. ಹಿಡಿಯನ್ನು ಉಡದ ಹಾಗೆ ಬಿಗಿಯಾಗಿ ಹಿಡಿಯುವವರಿಗೇ ಇದು ಹೆಚ್ಚು, ಮಣಿಕಟ್ಟು ತಿರುಗಲು ತಡವಾಗುತ್ತದೆ.

ಈಗ ಊರುಗಳ ಮಾತು. ಪುಣೆಯಲ್ಲಿ ದೋಣಿಗೆ ಎರಡು ಮನೆ. ಒಂದು ಕಾಲೇಜಿನ ಕ್ಲಬ್ಬು, ವಿದ್ಯಾರ್ಥಿಗಳೇ ನಡೆಸುವುದು, 1928ರಿಂದ ಬಂದ ರೆಗಾಟಾ ಅದರ ಹಬ್ಬ. ಸಂಜೆ ನೀರಿನ ಮೇಲೆ ದೋಣಿಗಳು ಚಿತ್ತಾರ ಕಟ್ಟುವುದು, ದೀವಟಿಗೆಯ ಕುಣಿತ, ದಂಡೆ ತುಂಬ ಜನ. ನೋಡಲು ಎರಡು ಕಣ್ಣು ಸಾಲದು. ಹಬ್ಬದ ದೃಷ್ಟಿಯಿಂದ ನಮ್ಮಲ್ಲಿ ಇಂಥದ್ದು ಇಲ್ಲವೆಂದು ಹೊಟ್ಟೆಕಿಚ್ಚೇ ಆಗುತ್ತದೆ. ಆದರೆ ಹಬ್ಬಕ್ಕೆ ಬೇಕಾದದ್ದು ಸಾಲು, ಗುಂಪು. ಒಂಟಿ ದೋಣಿಯಲ್ಲಿ ಚಿತ್ತಾರ ಬರುವುದಿಲ್ಲ. ಮೇಲಾಗಿ ಕಾಲೇಜು ಮುಗಿಯಿತೆಂದರೆ ಹುಡುಗಿಯ ದೋಣಿಯೂ ಬಹುಮಟ್ಟಿಗೆ ಮುಗಿದ ಹಾಗೆ. ಎಮಾ ಟ್ವಿಗ್ ಲಂಡನ್ ಮತ್ತು ರಿಯೊದಲ್ಲಿ ನಾಲ್ಕನೆಯವಳಾಗಿ ಬರಿಗೈಯಲ್ಲಿ ಹೋದವಳು, ಟೋಕಿಯೊದಲ್ಲಿ 34ನೇ ವಯಸ್ಸಿಗೆ 7:13.97ರಲ್ಲಿ ಚಿನ್ನ ಗೆದ್ದವಳು. 37ಕ್ಕೆ ಪ್ಯಾರಿಸ್ಸಿನ ಬೆಳ್ಳಿ. ಕಾರ್ಸ್ಟನ್ 1996ರಿಂದ 2008ರವರೆಗೆ ನಾಲ್ಕು ಒಲಿಂಪಿಕ್ಸ್‌ನಲ್ಲಿ ಒಂಟಿ ದೋಣಿಯಲ್ಲೇ ಎರಡು ಚಿನ್ನ, ಒಂದು ಬೆಳ್ಳಿ, ಒಂದು ಕಂಚು ತಂದಳು. ಇಪ್ಪತ್ತೆರಡಕ್ಕೆ ಬಾಗಿಲು ಹಾಕುವ ಪದ್ಧತಿಗೂ ಈ ಆಟಕ್ಕೂ ಹೊಂದಿಕೆಯಾಗದು.

ಎರಡನೇ ಮನೆ ದಾಪೋಡಿಯ ಸೇನೆಯದು, ಆರ್ಮಿ ರೋಯಿಂಗ್ ನೋಡ್. ಕಾಲುವೆ, ದೋಣಿ, ಊಟ, ತರಬೇತುದಾರ ಎಲ್ಲ ಒಂದೇ ಕಡೆ. ನಾಸಿಕ್ ಜಿಲ್ಲೆಯ ಬರದ ಸೀಮೆಯ ದತ್ತು ಭೋಕನಳ್ ಸೇನೆ ಸೇರಿದ ಮೇಲೆ ರೋಯಿಂಗ್ ಕಲಿತು 2016ರ ರಿಯೊದಲ್ಲಿ ಪುರುಷರ ಒಂಟಿ ದೋಣಿಯಲ್ಲಿ 13ನೆಯವನಾದ. ಇದು ಪುಣೆಯ ದೊಡ್ಡ ಪಾಠ: ಎತ್ತರದ ಹುಡುಗನನ್ನು ಆರಿಸಿ, ಸಂಬಳ ಕೊಟ್ಟು, ನೀರು ಕೊಟ್ಟರೆ ನಾಲ್ಕು ವರ್ಷದಲ್ಲಿ ಒಲಿಂಪಿಕ್ಸ್ ತಲುಪಬಹುದು. ಹುಡುಗಿಗೆ ಈ ಬಾಗಿಲು ಹುಟ್ಟಿದ್ದೇ ಮೊನ್ನೆ. ಸೇನೆಗೆ ಜವಾನರಾಗಿ ಹೆಂಗಸರ ಮೊದಲ ತಂಡ, ಮಿಲಿಟರಿ ಪೊಲೀಸ್‌ಗೆ 83 ಮಂದಿ, ತರಬೇತಿ ಮುಗಿಸಿದ್ದು 2021ರಲ್ಲಿ. ಅದೂ ನಮ್ಮ ಬೆಂಗಳೂರಿನಲ್ಲಿ. ಗಂಡಸರಿಗೆ ಏಣಿಯಾದದ್ದು ಹೆಂಗಸರಿಗೆ ಇರಲೇ ಇಲ್ಲ ಅನ್ನುವುದನ್ನು ಬಿಟ್ಟು ‘ನಮ್ಮ ಹುಡುಗಿಯರಿಗೆ ಶಕ್ತಿ ಸಾಲದು’ ಅನ್ನುವುದು ಸುಲಭದ ಮಾತು. ಹಿಂದೆ ಜಗತ್ತೇ ಹಾಗಂದುಕೊಂಡಿತ್ತು. 1976ರಿಂದ 1984ರವರೆಗೆ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 1000 ಮೀಟರ್ ಅಷ್ಟೇ, ಗಂಡಸರಷ್ಟೇ ದೂರ ಸಿಕ್ಕಿದ್ದು 1988ರಲ್ಲಿ.

ಕರ್ನಾಟಕದ ಲೆಕ್ಕ ತಲೆಕೆಳಗು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ದೋಣಿಗಳಿವೆ, ಆದರೆ ಅಲ್ಲಿ 2000 ಮೀಟರ್ ನೇರ ನೀರು ಸಿಗದು. ನೇರ ನೀರು ಇರುವುದು ಆಲಮಟ್ಟಿ, ತುಂಗಭದ್ರಾ, ಲಿಂಗನಮಕ್ಕಿಯಲ್ಲಿ. ಅಲ್ಲಿ ಸಿಂಗಲ್ ಸ್ಕಲ್ ಎಷ್ಟು ಉದ್ದ ಎಂದು ಕೇಳಿದರೆ ಬಾಯಿ ಬಿಡುತ್ತಾರೆ. ಹಂಪಿಯ ಹರಿಗೋಲಿನ ಅಂಬಿಗನಿಗೆ ನೀರು ಗೊತ್ತು, ಬಿದಿರ ಬುಟ್ಟಿಯನ್ನು ಬುಗುರಿಯಂತೆ ತಿರುಗಿಸಬಲ್ಲ. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುವ ದೋಣಿಗೆ ಮಾತ್ರ ಅವನು ನಗುತ್ತಾನೆ, ನ್ಯಾಯವಾಗಿಯೇ. ಮುಂದೆ ಕಾಣದವಳು ಹಿಂದೆ ಬಿಟ್ಟ ಯಾವುದೋ ಮರ, ಕಂಬಕ್ಕೆ ದೋಣಿಯ ಬಾಲ ಹೊಂದಿಸಿಕೊಂಡು ನೇರ ಹೋಗಬೇಕು, ನಡುನಡುವೆ ಕತ್ತು ತಿರುಗಿಸಬೇಕು. ಗಾಳಿಗೆ ಬರಿಬಯಲಾದ ಜಲಾಶಯದಲ್ಲಿ ಬೆಳಿಗ್ಗೆ ಬೇಗ ನೀರಿಗಿಳಿದು ಬಿಸಿಲೇರುವ ಮುಂಚೆ ಮುಗಿಸಿಬಿಡಬೇಕು, ಆಮೇಲೆ ಏಳುವ ಅಡ್ಡ ಅಲೆ 29 ಸೆಂಟಿಮೀಟರ್ ಅಗಲದ ದೋಣಿಗೆ ಆಗಿಬರುವುದಿಲ್ಲ. ಜತೆಗೆ ಮೋಟಾರಿನ ಕಾವಲು ದೋಣಿ ಇಲ್ಲದೆ ಯಾರನ್ನೂ ಇಳಿಸಕೂಡದು.

ಮುಂದಿನದು 2028ರ ಲಾಸ್ ಏಂಜಲೀಸ್. ಅಲ್ಲಿ ಮಾಮೂಲು ಸ್ಪರ್ಧೆ 1500 ಮೀಟರಿಗೆ ಇಳಿದಿದೆ, ಜತೆಗೆ ಬೀಚ್ ಸ್ಪ್ರಿಂಟ್ ಹೊಸದಾಗಿ ಬಂದಿದೆ. ಮರಳಿನ ಮೇಲೆ ಓಡಿ, ಹಿಡಿದು ನಿಲ್ಲಿಸಿದ ದೋಣಿಗೆ ಹಾರಿ, 250 ಮೀಟರ್ ಬೋಯೆಗಳ, ಅಂದರೆ ತೇಲುವ ಗುರುತುಗಳ ನಡುವೆ ಹೊರಳಾಡಿ ಹೋಗಿ, ತಿರುಗಿ, ನೇರ ದಡಕ್ಕೆ ಬಂದು ಮತ್ತೆ ಓಡಿ ಗುಂಡಿ ಒತ್ತಬೇಕು. ಇದರ ಒಂಟಿ ದೋಣಿ 6 ಮೀಟರ್ ಮೀರಬಾರದು, 35 ಕಿಲೊಗಿಂತ ಕಡಿಮೆ ಇರಬಾರದು. ಅಗಲ, ಗಟ್ಟಿಮುಟ್ಟು, ಅಲೆಗೆ ಜಗ್ಗುವುದಿಲ್ಲ. ಇಲ್ಲಿ ಪುಣೆ ಏನೂ ಮಾಡಲಾರದು. ಗೋವೆಗೂ ಕಾರವಾರಕ್ಕೂ ಮಲ್ಪೆಗೂ ಇದು ಒಗ್ಗುತ್ತದೆ. ಎರಡು ಕಿಲೊಮೀಟರ್ ಕಾಲುವೆ ಬೇಡ, ಬೋಯೆ ಆರು ಸಾಕು, ದೋಣಿ ಎರಡಿದ್ದರೆ ಪೈಪೋಟಿ. ಅಡ್ಡಿ ಒಂದೇ, ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳೇ ಕಡಲಿಗಿಳಿಯದ ಮಳೆಗಾಲ, ಒಲಿಂಪಿಕ್ಸ್ ಬರುವುದೂ ಜುಲೈಯಲ್ಲೇ. ಆ ಎರಡು ತಿಂಗಳು ಕಾಳಿಯ ಅಳಿವೆಯಲ್ಲೂ ನೆರೆಯ ನೀರು, ಪುಣೆಯಲ್ಲೂ ಖಡಕ್‌ವಾಸ್ಲಾದಿಂದ ಬಿಟ್ಟ ನೀರು. ಆಗ ಹುಡುಗಿಯರು ಜಿಮ್ಮಿನ ರೋಯಿಂಗ್ ಯಂತ್ರದ ಮೇಲೆ ಕೂರಬೇಕು. ಅದು ಉಸಿರು ಬೆಳೆಸುತ್ತದೆ, ಅಲೆ ಕಲಿಸುವುದಿಲ್ಲ. ಮಲ್ಪೆಯ ದಡದಲ್ಲಿ ಅಲೆ ಬರುವ ಹೊತ್ತಿಗೆ ಸರಿಯಾಗಿ ದೋಣಿಯ ಮೂತಿಯನ್ನು ಕಡಲಿಗೆ ತಿರುಗಿಸಿ ಹಿಡಿಯುವ ಮೊಗವೀರರ ಮನೆಯ ಮಕ್ಕಳಿಗೆ, ಸೆಪ್ಟೆಂಬರಿನಲ್ಲಿ ಕಡಲು ತಣ್ಣಗಾದ ಮೇಲೆ, ಈ 35 ಕಿಲೊ ದೋಣಿಯನ್ನು ಹಿಡಿದು ನಿಲ್ಲಿಸುವುದನ್ನಂತೂ ಯಾರೂ ಹೇಳಿಕೊಡಬೇಕಾಗಿಲ್ಲ.