ಮೈಕ್ರೋವೇವ್ ಓವನ್‌ಗೆ ಇನ್ನಷ್ಟು ವ್ಯಾಟ್ ಬೇಕೆ?

ಹೋಟೆಲ್ ಅಡುಗೆಮನೆಗಳಲ್ಲಿ 1800, 2200 ವ್ಯಾಟ್‌ನ ಮೈಕ್ರೋವೇವ್ ಓವನ್‌ಗಳು ದುಡಿಯುತ್ತಿರುವಾಗ ಮನೆಯವರು ಮಾತ್ರ 700 ಅಥವಾ 1000 ವ್ಯಾಟ್‌ಗೇ ಏಕೆ ತೃಪ್ತರಾಗಬೇಕು ಎಂದು ಸ್ನೇಹಿತರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮನೆಯ ಓವನ್‌ಗೆ ಕೊರತೆಯಾಗಿರುವುದು ಶಕ್ತಿಯಲ್ಲ, ಆ ಶಕ್ತಿಯ ಮೇಲಿನ ಹಿಡಿತ ಎಂಬುದು ಹಲವು ವರ್ಷಗಳ ಬಳಕೆಯಿಂದ ನನಗೆ ಮನದಟ್ಟಾಗಿದೆ.

ನೀರಿನ ಮಟ್ಟಿಗೆ ಅವರ ವಾದವನ್ನು ಒಪ್ಪುತ್ತೇನೆ. 250 ಮಿಲಿಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಸುಮಾರು 78,000 ಜೂಲ್ ಶಾಖ ಬೇಕು. ಅಷ್ಟೂ ಶಕ್ತಿ ನೀರಿಗೇ ಸೇರುತ್ತದೆಂದು ಲೆಕ್ಕ ಹಾಕಿದರೆ 1000 ವ್ಯಾಟ್‌ನಲ್ಲಿ ಅದಕ್ಕೆ 80 ಸೆಕೆಂಡುಗಳಷ್ಟು, 2000 ವ್ಯಾಟ್‌ನಲ್ಲಿ 40 ಸೆಕೆಂಡುಗಳಷ್ಟು ಸಾಕು. ದಿನಕ್ಕೆ ನೂರಾರು ತಟ್ಟೆ ಬಿಸಿಮಾಡುವವರಿಗೆ ಈ 40 ಸೆಕೆಂಡು ದೊಡ್ಡ ಉಳಿತಾಯ. ದಿನಕ್ಕೆ ಮೂರು ಸಲ ಬಾಗಿಲು ತೆರೆಯುವ ಮನೆಗೆ ಅಲ್ಲ.

ಗಟ್ಟಿ ಆಹಾರದ ಕಥೆಯೇ ಬೇರೆ. ಓವನ್ ಹೊರಡಿಸುವ 2450 ಮೆಗಾಹರ್ಟ್ಸ್‌ನ ಅಲೆಗಳು ತೇವವಿರುವ ಆಹಾರದೊಳಕ್ಕೆ ಒಂದೆರಡು ಸೆಂಟಿಮೀಟರ್ ಇಳಿಯುವಷ್ಟರಲ್ಲೇ ಬಹುಪಾಲು ಹೀರಲ್ಪಡುತ್ತವೆ. ದಪ್ಪನೆಯ ಆಲೂಗಡ್ಡೆಯ ನಡುಭಾಗ ಬೇಯುವುದು ಹೊರಪದರದ ಶಾಖ ಮೆಲ್ಲಗೆ ಒಳಗೆ ಹರಿದಾಗ, ಮತ್ತು ಆ ಹರಿವಿಗೆ ಬೇಕಾದ ಸಮಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಇಲ್ಲಿ ವ್ಯಾಟ್ ಏರಿಸಿದರೆ ಒಳಗಿನದು ಬೇಯುವ ಮೊದಲೇ ಹೊರಗಿನದು ಒಣಗಿ ಹೋಗುತ್ತದೆ.

ಹೆಪ್ಪುಗಟ್ಟಿದ ಆಹಾರದಲ್ಲಂತೂ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಮಂಜುಗಡ್ಡೆ ಈ ಅಲೆಗಳನ್ನು ನೀರಿಗಿಂತ ಬಹಳ ಕಡಿಮೆ ಹೀರುವುದರಿಂದ, ಮೊದಲು ಕರಗಿದ ಜಾಗವೇ ಮತ್ತೆ ಮತ್ತೆ ಶಾಖವನ್ನು ಸೆಳೆದುಕೊಳ್ಳುತ್ತದೆ. ಒಮ್ಮೆ ಅವಸರದಲ್ಲಿ ಹೆಪ್ಪುಗಟ್ಟಿದ ಸೂಪನ್ನು ಪೂರ್ಣ ಶಕ್ತಿಯಲ್ಲಿಟ್ಟೆ. ಅಂಚು ಕುದಿದು ಸಿಡಿಯುತ್ತಿದ್ದಾಗಲೂ ನಡುವೆ ಮುಷ್ಟಿಗಾತ್ರದ ಮಂಜಿನ ಗಡ್ಡೆ ಹಾಗೆಯೇ ಕುಳಿತಿತ್ತು. ಅಲ್ಲಿ ಬೇಕಾಗಿದ್ದದ್ದು ಸಣ್ಣ, ನಿರಂತರ ಶಾಖ. ಆದರೆ ಸಾಮಾನ್ಯ ಓವನ್‌ನಲ್ಲಿ 30 ಪ್ರತಿಶತ ಎಂದು ಒತ್ತಿದರೆ ಅದು ಕೆಲವು ಸೆಕೆಂಡು ಪೂರ್ಣ ಶಕ್ತಿಯಲ್ಲಿ ಉರಿದು, ಉಳಿದ ಹೊತ್ತು ಸುಮ್ಮನಿರುತ್ತದೆ. ಇನ್ವರ್ಟರ್ (ಶಕ್ತಿಯನ್ನು ಏರಿಳಿಸುವ ಒಳಗಿನ ವಿದ್ಯುತ್ ಮಂಡಲ) ಇರುವ ಓವನ್‌ಗಳು ಶಕ್ತಿಯನ್ನು ನಿಜವಾಗಿಯೇ ತಗ್ಗಿಸಿ, ಎಡೆಬಿಡದೆ ಹರಿಸಬಲ್ಲವು. ಹೆಚ್ಚು ಹಣ ಕೊಡುವುದೇ ಆದರೆ ನಾನು ಇದಕ್ಕೇ ಕೊಡುತ್ತೇನೆ.

ವಿದ್ಯುತ್ತಿನ ಮಿತಿಯೂ ಇದೆ. ಆಹಾರಕ್ಕೆ 1000 ವ್ಯಾಟ್ ಕೊಡುವ ಓವನ್ ಗೋಡೆಯಿಂದ ಸುಮಾರು 1500 ವ್ಯಾಟ್ ಎಳೆಯುತ್ತದೆ. ಅಮೆರಿಕದ ಮನೆಗಳಲ್ಲಿರುವಂಥ 120 ವೋಲ್ಟ್, 15 ಆಂಪಿಯರ್‌ನ ಸಾಕೆಟ್ಟಿನ ಗರಿಷ್ಠ ಮಿತಿಯೇ 1800 ವ್ಯಾಟ್. 1947ರಲ್ಲಿ ರೇಥಿಯಾನ್ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಓವನ್ ಸುಮಾರು 3000 ವ್ಯಾಟ್ ಎಳೆಯುತ್ತಿತ್ತು, ಆಳೆತ್ತರವಿತ್ತು, 300 ಕಿಲೋಗಿಂತ ಹೆಚ್ಚು ತೂಗುತ್ತಿತ್ತು, ಅಲೆಗಳನ್ನು ಹುಟ್ಟಿಸುವ ಅದರ ಮ್ಯಾಗ್ನೆಟ್ರಾನ್ ಕೊಳವೆಯನ್ನು ತಣಿಸಲು ನೀರು ಹರಿಸಬೇಕಿತ್ತು. ಅಡುಗೆಕಟ್ಟೆಯ ಮೇಲೆ ಕೂರುವ ಓವನ್ 1967ರಲ್ಲಿ ಮನೆಗಳಿಗೆ ಬಂದದ್ದು ಆ ಗಾತ್ರ, ಆ ಹಸಿವು ಎರಡನ್ನೂ ಬಿಟ್ಟುಕೊಟ್ಟ ಮೇಲೆ.

ಹಾಗಾಗಿ ಹೊಸ ಓವನ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಗರಿಷ್ಠ ವ್ಯಾಟ್‌ಗಿಂತ, ಅದು ನಿಲ್ಲದೆ ಕೊಡಬಲ್ಲ ಕನಿಷ್ಠ ವ್ಯಾಟ್ ಎಷ್ಟು ಎಂದು ವಿಚಾರಿಸಿ ಎಂದು ಆ ಸ್ನೇಹಿತರಿಗೆ ಹೇಳಿದ್ದೇನೆ.