ಕಾರ್ಖಾನೆ ಸರಿ, ಮೈಲುತುತ್ತದ ಮಾತೇ ಇಲ್ಲವಲ್ಲ?

ಹೊಳೆಯ ಏಡಿ, ಸೀಗಡಿಗಳಿಗೆ ಭಾರಲೋಹಗಳಿಂದ ಆಗುವ ಹಾನಿಯ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅವನ್ನು ಕೊಲ್ಲುವ ಭಾರಲೋಹ ಅಂದರೆ ಕಾರ್ಖಾನೆಯ ಸೀಸ, ಕ್ಯಾಡ್ಮಿಯಂ ಅಷ್ಟೇ ಅಂತ ಮುಗಿಸಿಬಿಟ್ಟಿದ್ದೀರಿ. ನಮ್ಮ ಮಲೆನಾಡಿನ ಅಡಿಕೆ ತೋಟದ ತಾಮ್ರ ಎಲ್ಲಿ ಹೋಯಿತು? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಮಳೆಗಾಲಕ್ಕೆ ಎರಡು ಮೂರು ಸಲ ಹೊಡೆಯುತ್ತೇವೆ. ಡ್ರಮ್ ತೊಳೆದ ನೀಲಿ ನೀರು ಸೀದಾ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು, ಸುಮ್ನೆ ಬೇರೆಯವರ ಮೇಲೆ ಹಾಕುತ್ತಿಲ್ಲ.

ತಮಾಷೆ ಅಂದರೆ ಏಡಿಗೆ ತಾಮ್ರ ಬೇಕೇ ಬೇಕು. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅದರ ರಕ್ತದಲ್ಲಿ ತಾಮ್ರ ಮಾಡುತ್ತದೆ, ಅದಕ್ಕೇ ಆ ರಕ್ತ ತಿಳಿನೀಲಿ. ಜಾಸ್ತಿಯಾದರೆ ಮಾತ್ರ ಕಿವಿರು ಕೆಡುತ್ತದೆ, ಮೈಯೊಳಗಿನ ಉಪ್ಪಿನಂಶ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅದರಲ್ಲೂ ಘಟ್ಟದ ಹಳ್ಳಗಳ ನೀರು ಮೆದು, ಸುಣ್ಣದಂಶ ಕಡಿಮೆ, ಅಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಚಿಪ್ಪು ಕಳಚಿದ ಏಡಿಯನ್ನು ಮುಟ್ಟಿ ನೋಡಿದ್ದೀರಾ? ಒದ್ದೆ ಕಾಗದದಂತೆ ಮೆತ್ತಗಿರುತ್ತದೆ. ಹೊಸ ಚಿಪ್ಪು ಗಟ್ಟಿಯಾಗಲು ಅದು ನೀರಿನಿಂದ ಕ್ಯಾಲ್ಸಿಯಂ ಹೀರುವಾಗ, ಅದೇ ದಾರಿಯಲ್ಲಿ ಕ್ಯಾಡ್ಮಿಯಂ ಕೂಡ ಒಳಗೆ ನುಗ್ಗುತ್ತದೆ. ಈ ಲೋಹಗಳು ಹೆಚ್ಚಾಗಿ ಸೇರಿಕೊಳ್ಳುವುದು ಚಿಪ್ಪಿನೊಳಗಿನ ಹಳದಿ ಭಾಗದಲ್ಲಿ. ಏಡಿ ಸಾರಿನಲ್ಲಿ ನಾವು ಬೆರಳು ಚೀಪಿ ತಿನ್ನುವುದೂ ಅದನ್ನೇ ಅಲ್ವಾ!

ಬೋರ್ಡೋ ಬಿಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ನಾನೂ ಬಿಡುವುದಿಲ್ಲ. ಡ್ರಮ್ ತೊಳೆದ ನೀರನ್ನಾದರೂ ಹಳ್ಳಕ್ಕೆ ಬಿಡಬೇಡಿ ಅಂತ ಒಂದು ಸಾಲು ಸೇರಿಸಿ, ಲೇಖಕರೇ.