ಹುಣಸೆ ಬೀಜದ ಜಪಸರ

ಮಕ್ಕಳಿಗೆ ಪ್ರಾರ್ಥನೆಯನ್ನು ಸುಮ್ನೆ ಬಾಯಿಪಾಠ ಮಾಡಿಸಬೇಡಿ, ಚಿತ್ರ, ಬಣ್ಣ, ಕೈಕೆಲಸದ ಜೊತೆ ಕಲಿಸಿ ಎಂದು ಬರೆದಿದ್ದೀರಿ. ನೂರಕ್ಕೆ ನೂರು ನಿಜ. ನಾನು ತುಮಕೂರಿನಲ್ಲಿ ಭಾನುವಾರ ಕಥೋಲಿಕ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನಮ್ಮ ಕಡೆ ಹುಣಸೆ ಬೀಜಕ್ಕೆ ಬರವಿಲ್ಲ ಅಲ್ವಾ, ಅದನ್ನೇ ರಟ್ಟಿನ ಮೇಲೆ ಜಪಸರದಂತೆ, ಅಂದರೆ ಪ್ರಾರ್ಥನೆ ಎಣಿಸುವ ನಮ್ಮ ಮಣಿಮಾಲೆಯಂತೆ ಅಂಟಿಸುತ್ತೇವೆ. 53 ಬೀಜ ಹಾಗೇ ಕಂದು, ಅವು ಮರಿಯಮ್ಮನವರ ಪ್ರಾರ್ಥನೆ ‘ನಮೋ ಮರಿಯಾ’ಗೆ. ಬಿಳಿ ಬಣ್ಣ ಬಳಿದ 6 ಬೀಜ ಯೇಸು ಕಲಿಸಿದ ಪ್ರಾರ್ಥನೆ ‘ಪರಲೋಕದಲ್ಲಿರುವ ನಮ್ಮ ತಂದೆ’ಗೆ. ಒಂದು ಬೀಜ ಅಂಟಿಸಿದರೆ ಅದರ ಮೇಲೆ ಬೆರಳಿಟ್ಟು ಒಂದು ಪ್ರಾರ್ಥನೆ. ಅವಸರವಿಲ್ಲ, ಗದರಿಕೆಯಿಲ್ಲ. ಚಿಕ್ಕವರಿಗೂ ತಾನಾಗಿಯೇ ಬಾಯಿಗೆ ಬರುತ್ತದೆ.

ಆದರೆ ಪ್ರಾರ್ಥನೆ ಚೆನ್ನಾಗಿ ಹೇಳಿದ್ದಕ್ಕೆ ಬಹುಮಾನ ಕೊಡುವುದು ಮಾತ್ರ ಬೇಡ. ಪ್ರಾರ್ಥನೆಯಲ್ಲಿ ಫಸ್ಟು, ಸೆಕೆಂಡು ಯಾಕೆ? ಅಕ್ಟೋಬರ್ ಜಪಸರದ ತಿಂಗಳು. ಆಗ ಆ ರಟ್ಟುಗಳನ್ನು ಮನೆಗೇ ಕೊಟ್ಟು ಕಳಿಸಿ, ಅಪ್ಪ ಅಮ್ಮನೂ ಜೊತೆಗೆ ಕೂರುತ್ತಾರೆ.